ಶೂನ್ಯ ಉದ್ದದ ಸಂದೇಶ

ಫೋನು ಒಂದೇ ಸಲ ಬಡಿದು ನಿಂತಿತು. ಅಮ್ಮ ಮಠ ಮುಟ್ಟಿದ್ದಳು. ನಾಲ್ಕು ವರ್ಷಗಳಿಂದ ದಿನಾ ಬೆಳಿಗ್ಗೆ ಎಂಟರ ಸುಮಾರಿಗೆ ಇದು ಇದ್ದದ್ದೇ: ರಾಧಾಬಾಯಿ ಮರಾಠಿ ಸೀಮೆಯ ಹಡಪಸರದ ಈ ಮನೆಯಿಂದ ಹೊರಟು, ಎರಡು ಸಿಗ್ನಲ್ಲು ದಾಟಿ, ಮಠದ ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟು, ಮಗನಿಗೊಂದು ಮಿಸ್ಡ್ ಕಾಲ್ ಕೊಡುವುದು. ಈಗ ಕರೆಗಳೆಲ್ಲ ಪುಕ್ಕಟೆ ಎಂದು ಎಷ್ಟು ಹೇಳಿದರೂ ಅವಳದು ಮಿಸ್ಡ್ ಕಾಲೇ. ಎತ್ತಬಾರದು. ಒಮ್ಮೆ ಮರೆತು ಎತ್ತಿದಾಗ ‘ಯಾಕ ಎತ್ತಿದ್ಯೋ, ಏನಾತು?’ ಎಂದು ಅವಳೇ ಗಾಬರಿಯಾಗಿದ್ದಳು. ಅವಧೂತ ಚಹಾದ ಕಪ್ಪನ್ನು ತುಟಿಯ ತನಕ ತಂದವನು ಅಲ್ಲೇ ಹಿಡಿದುಕೊಂಡು ನಿಂತ. ಮಾತಿಲ್ಲ, ಅಕ್ಷರವಿಲ್ಲ, ಒಳಗೆ ಏನೂ ಇಲ್ಲ; ಆದರೂ ಹೇಳಬೇಕಾದದ್ದು ಹೇಳಿಯಾಯಿತು. ಖಾಲಿ ಸಂದೇಶವನ್ನು ಯಾರು ಕಳಿಸುತ್ತಾರೆ ಎಂದು ಎರಡು ತಿಂಗಳ ಹಿಂದೆ ಒಂಬತ್ತು ಜನರ ಮುಂದೆ ಕೇಳಿ ಎಲ್ಲರನ್ನೂ ನಗಿಸಿದವನು ತಾನು. ತನ್ನ ಅಮ್ಮ ಕಳಿಸುತ್ತಾಳೆ. ದಿನಾ ಕಳಿಸುತ್ತಾಳೆ. ಇವತ್ತು ಸಂಜೆ ನಾಲ್ಕಕ್ಕೆ ತನ್ನ ಆಫೀಸು ಮಾಡಿದ ಗ್ಯಾಸ್ ಮೀಟರಿನ ಚಿಪ್‌ನ ನಕ್ಷೆ ಕಾರ್ಖಾನೆಗೆ ಹೋಗುತ್ತದೆ, ಹೋದ ಮೇಲೆ ಒಂದು ತಂತಿಯನ್ನೂ ಅಲ್ಲಾಡಿಸಲು ಬರುವುದಿಲ್ಲ, ಮತ್ತು ಅದರಲ್ಲಿ ತಪ್ಪು ಇದೆ.

‘ಚಹಾ ಆರ್ತದ್ರಿ,’ ಎಂದಳು ಕುಸುಮ, ಒಲೆಯ ಕಡೆಯಿಂದ ತಿರುಗದೆ.

‘ಅಮ್ಮನ ಮಿಸ್ಡ್ ಕಾಲ್ ಬರಲಿಲ್ಲಂದ್ರ ನೀ ಏನ್ ಮಾಡ್ತೀ?’

‘ಇದೇನ್ ಅಪಶಕುನ ಮಾತು, ಮುಂಜಾನೆ ಮುಂಜಾನೆ! ಓಡಿ ಹೋಗಿ ನೋಡ್ತೀನಿ. ಮತ್ತೇನ್ ಮಾಡೂದು?’

ಓಡಿ ಹೋಗಿ ನೋಡಲು ಮನುಷ್ಯರಿಗೆ ಕಾಲಿವೆ. ಗ್ಯಾಸ್ ಕಂಪನಿಯ ಸರ್ವರ್‌ಗೆ ಕಾಲಿಲ್ಲ. ಸಂದೇಶ ಸರಿಯಾಗಿ ಬರದಿದ್ದರೆ ಅದು ವಾಲ್ವ್ ಮುಚ್ಚುತ್ತದೆ. ಕುಸುಮಳ ಒಲೆಯ ನೀಲಿ ಉರಿಯನ್ನೇ ಅವನು ನೋಡುತ್ತ ನಿಂತ. ಅವಳು ಅದರ ಮೇಲಿನ ಅವಲಕ್ಕಿಯ ಬಾಣಲೆಗೆ ಮುಚ್ಚಳ ಹಾಕಿ, ಇವರಿಗೇನಾಗಿದೆ ಇವತ್ತು ಎಂಬಂತೆ ಒಮ್ಮೆ ತಿರುಗಿ ನೋಡಿದಳು. ಅವನು ಅವಲಕ್ಕಿ ತಿನ್ನದೆ ಹೊರಟ. ನೆಂಟರಲ್ಲಿ ಯಾರಾದರೂ ನೀನು ಮಾಡುವುದೇನು ಎಂದು ಕೇಳಿದರೆ ಅವನು ಮೊದಲಿನಿಂದಲೂ ‘ಮುದ್ರೆ ಒತ್ತುವ ಯಂತ್ರ’ ಎಂದು ಹೇಳುತ್ತ ಬಂದಿದ್ದ. ಎಷ್ಟೇ ಉದ್ದದ ಸಂದೇಶ ಬರಲಿ, ಅದನ್ನು ನಾದಿ ನಾದಿ ಕೊನೆಗೆ ಒಂದೇ ಅಳತೆಯ ಅಂಕಿಗಳ ಮುದ್ರೆಯೊಂದನ್ನು ಕೊಡುವುದು. ಸಂದೇಶದಲ್ಲಿ ಒಂದಕ್ಷರ ಬದಲಾದರೂ ಮುದ್ರೆ ಪೂರಾ ಬೇರೆಯಾಗುವುದು. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಆ ಮುದ್ರೆಗೆ ಗುಟ್ಟಿನ ಕೀಲಿ ಹಾಕುವುದು ಮುಂದಿನವರ ಕೆಲಸ, ಇವನದು ನಾದುವುದಷ್ಟೇ. ಕಂಪ್ಯೂಟರಿನಲ್ಲಾದರೆ ಇದೇನು ದೊಡ್ಡದಲ್ಲ. ಆದರೆ ಅಡುಗೆಮನೆಯ ಗ್ಯಾಸ್ ಮೀಟರಿನೊಳಗೆ, ಹತ್ತು ವರ್ಷ ಬದಲಾಯಿಸದ ಒಂದು ಪುಟ್ಟ ಬ್ಯಾಟರಿಯ ಮೇಲೆ, ಎಳ್ಳಿಗಿಂತ ಚಿಕ್ಕ ಜಾಗದಲ್ಲಿ ಇದನ್ನು ಕೂರಿಸಬೇಕು. ಅದಕ್ಕೆಂದೇ ಹಗುರವಾದ ಹ್ಯಾಶ್‌ಗಳನ್ನು ಪಂಡಿತರು ಮಾಡಿಟ್ಟಿದ್ದಾರೆ. ಅವನ್ನೂ ಇನ್ನಷ್ಟು ಹಗುರ ಮಾಡುವುದರಲ್ಲಿ ಅವಧೂತನದು ಎತ್ತಿದ ಕೈ. ಖರಾಡಿಯ ಆಫೀಸಿನಲ್ಲಿ ಅವನಿಗೆ ‘ಕಂಜೂಸ್ ಕಾಕಾ’ ಎಂದು ಹೆಸರಿತ್ತು. ಹುಡುಗರು ಹಿಂದಿನಿಂದ ಹಾಗೆನ್ನುವುದು ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಬೇರೆಯವರು ನಾಲ್ಕು ಸಾವಿರ ಗೇಟುಗಳಲ್ಲಿ, ಅಂದರೆ ಚಿಪ್‌ನ ಪುಟ್ಟ ಪುಟ್ಟ ಘಟಕಗಳಲ್ಲಿ, ಮಾಡುವುದನ್ನು ಅವನು ಎರಡು ಸಾವಿರದ ಆರುನೂರರಲ್ಲಿ ಮಾಡಿ ತೋರಿಸಿದ್ದ.

ಆ ಉಳಿತಾಯದ ಕಡೆಯ ಮುನ್ನೂರ ನಲವತ್ತು ಗೇಟುಗಳಲ್ಲೇ ತಪ್ಪು ಕೂತಿದೆ. ಮುಂಢವಾ ಸೇತುವೆಯ ಮೇಲೆ ಸ್ಕೂಟರಿನ ಮುಂದೆ ಟೆಂಪೊ, ಹಿಂದೆ ಟೆಂಪೊ, ಎಡಕ್ಕೆ ಕಂಪನಿಗಳ ಬಸ್ಸು. ಒಂದು ಕಾಲು ನೆಲಕ್ಕೆ ಊರಿಕೊಂಡು ಅವನು ಅದನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಬಿಚ್ಚಿ ನೋಡಿದ. ನಾದುವ ಅಗಲ ತಟ್ಟೆಯನ್ನು, ಆ ಪರಾತವನ್ನು, ಪ್ರತಿ ಸಂದೇಶಕ್ಕೂ ಮುಂಚೆ ತೊಳೆಯಬೇಕು, ಅಂದರೆ ಹಿಂದಿನ ಅಂಕಿಗಳನ್ನು ಅಳಿಸಿ ಗೊತ್ತಾದ ಆರಂಭದ ಅಂಕಿಗಳನ್ನು ತುಂಬಬೇಕು. ಅದಕ್ಕೇ ಪ್ರತ್ಯೇಕ ಹಾದಿ ಇಟ್ಟರೆ ಜಾಗ ಹೋಗುತ್ತದೆ. ಅವನು ಹಾದಿಯನ್ನೇ ತೆಗೆದ. ಸಂದೇಶದ ಮೊದಲ ಪದ ಒಳಗೆ ಬರುವ ಅದೇ ಗಳಿಗೆಯಲ್ಲಿ, ಅದರ ಬೆನ್ನಿಗೇ, ಪರಾತ ತೊಳೆದುಕೊಳ್ಳುವ ಹಾಗೆ ಮಾಡಿದ. ಎಷ್ಟು ಚೆಂದದ ಯುಕ್ತಿ! ಆ ದಿನ ಮನೆಗೆ ಹೋಗಿ ಕುಸುಮಳಿಗೆ ಕಾಗದದ ಮೇಲೆ ಬರೆದು ತೋರಿಸಿದ್ದ, ಅವಳು ‘ಹೂಂ ಹೂಂ’ ಎನ್ನುತ್ತ ಮೆಂತ್ಯ ಸೋಸುತ್ತಿದ್ದಳು. ಆದರೆ ಸಂದೇಶದಲ್ಲಿ ಪದವೇ ಇಲ್ಲದಿದ್ದರೆ? ಮೊದಲ ಪದ ಬರುವುದಿಲ್ಲ. ಪರಾತ ತೊಳೆಯುವುದಿಲ್ಲ. ಹಿಂದಿನ ಸಂದೇಶದ ಮುಸುರೆಯಲ್ಲೇ ನಾದಿ, ಅದರದೇ ಮುದ್ರೆಯನ್ನು ಯಂತ್ರ ಮಹಾ ಗಂಭೀರವಾಗಿ ಹೊರಗೆ ಕೊಡುತ್ತದೆ. ಹಾರ್ನು ಕೇಳಿಸಿತು. ಮುಂದಿನ ಟೆಂಪೊ ಆಗಲೇ ಹೋಗಿತ್ತು, ಹಿಂದಿನವನು ಮರಾಠಿಯಲ್ಲಿ ಅವನ ಅಪ್ಪನನ್ನು ವಿಚಾರಿಸಿಕೊಳ್ಳುತ್ತಿದ್ದ.

ಗೊತ್ತಿರಲಿಲ್ಲವೇ? ಇದೊಂದು ಪ್ರಶ್ನೆ ಸ್ಕೂಟರಿಗಿಂತ ಮುಂದೆ ಮುಂದೆ ಓಡುತ್ತಿತ್ತು. ಗಿರಾಕಿಯಾದ ಗ್ಯಾಸ್ ಕಂಪನಿಯ ಮೇಲ್ ಬಂದದ್ದು ಇವತ್ತಲ್ಲ, ಹನ್ನೊಂದು ದಿನದ ಹಿಂದೆ. ಶನಿವಾರ, ಕ್ಯಾಂಪ್ ಪೇಟೆಯಲ್ಲಿ, ಬೇಕರಿಯ ಸಾಲಿನಲ್ಲಿ ನಿಂತು ಫೋನು ತೆರೆದಿದ್ದ. ಪ್ರತಿ ಆರು ತಾಸಿಗೊಮ್ಮೆ ಮೀಟರು ಒಳಗೇನೂ ಇಲ್ಲದ ಒಂದು ಸಂದೇಶಕ್ಕೆ ಮುದ್ರೆ ಒತ್ತಿ ಕಳಿಸಲಿ, ತಾನು ಜೀವಂತ ಇದ್ದೇನೆಂದು ತಿಳಿಸಲಿ. ಮುದ್ರೆ ತಾಳೆಯಾಗದಿದ್ದರೆ ಯಾರೋ ಮೀಟರಿಗೆ ಕೈ ಹಾಕಿದ್ದಾರೆಂದು ತಿಳಿದು ವಾಲ್ವ್ ಮುಚ್ಚುವೆವು ಎಂದು ಬರೆದಿದ್ದರು. ಓದಿದ್ದ. ಪೂರ್ತಿ ಓದಿದ್ದ. ಓದಿದ ಮೇಲೆ ಫೋನನ್ನು ಜೇಬಿಗಿಟ್ಟು, ಮುಂದಿನವರು ಬಿಸ್ಕತ್ತು ಎಷ್ಟು ಕಿಲೊ ಕೊಳ್ಳುತ್ತಾರೆ, ತನ್ನ ಪಾಳಿಗೆ ಉಳಿಯುತ್ತದೋ ಇಲ್ಲವೋ ಎಂದು ಅತಿಯಾದ ಆಸಕ್ತಿಯಿಂದ ನೋಡಿದ್ದ. ಆ ಅತಿಯಾದ ಆಸಕ್ತಿಯೇ ಈಗ ಅವನನ್ನು ಹಿಡಿದು ಅಲ್ಲಾಡಿಸಿತು. ಬಿಸ್ಕತ್ತಿನ ಮೇಲೆ ಅವನಿಗೆ ಯಾವತ್ತೂ ಅಷ್ಟು ಆಸೆ ಇರಲಿಲ್ಲ. ಹಾಗಾದರೆ ಆಗಲೇ ತಿಳಿದಿತ್ತೇ, ತಿಳಿದದ್ದನ್ನು ತನಗೇ ಕಾಣದ ಹಾಗೆ ಬೇಕರಿಯ ಪೊಟ್ಟಣದ ಜೊತೆ ಕಟ್ಟಿಟ್ಟುಬಿಟ್ಟನೇ? ಹನ್ನೊಂದು ದಿನ ನಿದ್ದೆ ಚೆನ್ನಾಗಿಯೇ ಬಂದಿತ್ತಲ್ಲ. ಅಲ್ಲ, ಅದೂ ಪೂರಾ ನಿಜವಲ್ಲ. ನಡುವೆ ಎರಡು ದಿನ ಎದೆ ಉರಿಯೆಂದು ಮಜ್ಜಿಗೆ ಕುಡಿದು ಮಲಗಿದ್ದ.

ಆಫೀಸಿನ ಬಾಗಿಲಲ್ಲೇ ಸ್ವಪ್ನಿಲ್ ಸಿಕ್ಕ. ಸ್ವಪ್ನಿಲ್ ಈಗ ಈ ಗುಂಪಿನ ಮುಖ್ಯಸ್ಥ. ಆರು ವರ್ಷದ ಹಿಂದೆ ಅವಧೂತನ ಕೈಕೆಳಗೆ ಕೆಲಸಕ್ಕೆ ಸೇರಿದವನು, ಈಗಲೂ ಸರ್ ಎನ್ನುವುದನ್ನು ಬಿಟ್ಟಿಲ್ಲ, ಆದರೆ ಆ ಸರ್‌ನಲ್ಲಿ ಈಗ ತುಸು ದಯೆ ಸೇರಿಕೊಂಡಿದೆ. ಕೈಯಲ್ಲಿ ತೆಂಗಿನಕಾಯಿ ಇತ್ತು. ನಕ್ಷೆ ಹೋಗುವ ದಿನ ಕಾಯಿ ಒಡೆದು, ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಪೇಢೆ ಹಂಚುವುದು ಇಲ್ಲಿ ನಡೆದು ಬಂದ ಪದ್ಧತಿ. ‘ಅವಧೂತ್ ಸರ್, ಕಾಯಿ ನೀವೇ ಒಡೆಯಬೇಕು, ನೀವೇ ಹಿರಿಯರು,’ ಎಂದು ಮರಾಠಿಯಲ್ಲಿ ಹೇಳಿ ಬೆನ್ನು ತಟ್ಟಿದ. ಅವಧೂತ ‘ಹೋ ಹೋ’ ಎಂದು ಹೂಂಗುಟ್ಟಿದ. ಇದೇ ಗಳಿಗೆ, ಈಗಲೇ, ಇವನ ತೋಳು ಹಿಡಿದು ಪಕ್ಕಕ್ಕೆ ಕರೆದು ಹೇಳಿಬಿಡಬಹುದಿತ್ತು. ಆದರೆ ಸ್ವಪ್ನಿಲ್ ಆಗಲೇ ಬೇರೆಯವರ ಕಡೆ ತಿರುಗಿದ್ದ, ಮತ್ತು ಮೊದಲು ಒಮ್ಮೆ ಪರೀಕ್ಷೆ ಓಡಿಸಿ ಖಚಿತ ಮಾಡಿಕೊಳ್ಳುವುದು ಶಿಸ್ತು ಎಂದು ಅವಧೂತನೊಳಗೆ ಯಾರೋ ಭಾಳ ಶಿಸ್ತಿನ ಮನುಷ್ಯ ಹೇಳಿದ.

ಆ ಪರೀಕ್ಷೆಯನ್ನು ಸಿದ್ಧಪಡಿಸಿದವಳು ಸಾಯಲಿ ಎಂಬ ಹುಡುಗಿ. ಇವನು ಕಟ್ಟಿದ್ದನ್ನು ಕೆಡವಲು ನೋಡುವುದೇ ಅವಳ ಉದ್ಯೋಗ. ಇಪ್ಪತ್ತಾರು ವರ್ಷ, ಸಾಸವಡದಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ, ಅಜ್ಜ ಧಾರವಾಡ ಬಿಟ್ಟು ಬಂದವರಂತೆ. ಎಲ್ಲರ ಎದುರು ಮರಾಠಿ, ಇವನೊಬ್ಬನೇ ಇದ್ದರೆ ಮಾತ್ರ ಸಣ್ಣ ದನಿಯಲ್ಲಿ ಮನೆಯ ಕನ್ನಡ. ಆ ಕನ್ನಡ ಅವನಿಗೆ ಇಷ್ಟವಾಗಿತ್ತು. ಆ ಇಷ್ಟದಿಂದಲೇ, ಮನೆಯ ಹುಡುಗಿ ಎಂಬ ಸಲಿಗೆಯಿಂದಲೇ ಎರಡು ತಿಂಗಳ ಹಿಂದಿನ ಆ ಸಭೆಯಲ್ಲಿ ಅಷ್ಟು ನಗಿಸಿದನೋ ಏನೋ. ಅವಳು ಪರದೆಯ ಮೇಲೆ ಕೆಂಪು ಸಾಲೊಂದನ್ನು ತೋರಿಸಿ, ತುಂಬಿದ ಸಂದೇಶದ ಹಿಂದೆ ಶೂನ್ಯ ಉದ್ದದ ಸಂದೇಶ ಕೊಟ್ಟರೆ ಮುದ್ರೆ ತಪ್ಪುತ್ತದೆ ಎಂದಿದ್ದಳು. ಅವನು ಕುರ್ಚಿಗೆ ಒರಗಿ, ಮರಾಠಿಯಲ್ಲಿ, ‘ಅಗಂ ಸಾಯಲಿ, ಖಾಲಿ ಲಕೋಟೆಗೆ ಸ್ಟ್ಯಾಂಪು ಹಚ್ಚಿ ನಿಮ್ಮ ಸಾಸವಡದಲ್ಲಿ ಪೋಸ್ಟ್ ಮಾಡುತ್ತಾರೇನು?’ ಎಂದಿದ್ದ. ನಗು. ಸ್ವಪ್ನಿಲ್ ಮೇಜು ತಟ್ಟಿ ನಕ್ಕ. ಅವಳೂ ನಕ್ಕಳು, ಅದನ್ನು ಅವನು ಗಮನಿಸಿ ನೆಮ್ಮದಿಪಟ್ಟುಕೊಂಡಿದ್ದ. ನಕ್ಕ ಮೇಲೆ ಅವಳು ಅಷ್ಟು ಜನರ ನಡುವೆ ಅದೇ ಮೊದಲ ಸಲ ಕನ್ನಡದಲ್ಲಿ, ‘ನಿಯಮದಾಗ ಶೂನ್ಯನೂ ನಡೀತದಂತ ಬರದಾರ್ರಿ ಸರ್,’ ಎಂದಳು. ಯಾರಿಗೂ ತಿಳಿಯಲಿಲ್ಲ. ಅವನಿಗೆ ತಿಳಿಯಿತು, ಮತ್ತು ತಿಳಿಯದವನಂತೆ ಮುಂದಿನ ಪುಟಕ್ಕೆ ಹೋಗಿ ಎಂದು ಕೈ ಮಾಡಿದ.

ಅಲ್ಲಿಗೆ ಮುಗಿದಿದ್ದರೆ ಅವನಿಗೆ ಇವತ್ತು ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಕೆಂಪು ಬಿದ್ದ ಪರೀಕ್ಷೆಯನ್ನು ಸುಮ್ಮನೆ ಬಿಡಲು ಬರುವುದಿಲ್ಲ. ವೇವರ್ ಎಂಬ ಫಾರಂ ಇದೆ. ಇಂಥ ಕಾರಣಕ್ಕೆ ಈ ಪರೀಕ್ಷೆಯನ್ನು ಕೈಬಿಟ್ಟಿದ್ದೇವೆ ಎಂದು ಕಟ್ಟಿದವನೂ ಪರೀಕ್ಷಿಸಿದವಳೂ ಇಬ್ಬರೂ ಒಪ್ಪಿಗೆ ಒತ್ತಬೇಕು. ಅವನು ತನ್ನದನ್ನು ಒತ್ತಿ ಮೂರು ದಿನವಾದರೂ ಅವಳದು ಬಂದಿರಲಿಲ್ಲ. ನಾಲ್ಕನೆಯ ದಿನ ಅವನು ಚಹಾದ ಗ್ಲಾಸು ಹಿಡಿದು ಅವಳ ಕುರ್ಚಿಯ ಹಿಂದೆ ಹೋಗಿ ನಿಂತ. ಚಹಾ ಹೀರುತ್ತ, ಅವಳ ಪರದೆ ನೋಡುತ್ತ, ಸುಮ್ಮನೆ ನಿಂತ. ಅವಳು ಒಮ್ಮೆ ತಿರುಗಿ ‘ಏನರ ಬೇಕೇನ್ರಿ ಸರ್?’ ಎಂದಳು. ‘ಏನಿಲ್ಲ, ನೀ ಮಾಡವಾ ನಿನ್ನ ಕೆಲಸ,’ ಎಂದ. ಗ್ಲಾಸಿನ ಚಹಾ ಮುಗಿಯಿತು. ಖಾಲಿ ಗ್ಲಾಸು ಹಿಡಿದು ನಿಂತೇ ಇದ್ದ. ಯಾರದೋ ಮದುವೆಯ ಮೆಹಂದಿ ಮಾಸಿದ್ದ ಅವಳ ಬೆರಳು ಮೌಸಿನ ಮೇಲೆ ಎರಡು ಸಲ ಎದ್ದು ಕೂತಿತು. ಮೂರನೆಯ ಸಲ ಒತ್ತಿತು. ಅವನು ‘ಶಾಬಾಸ್’ ಎಂದು ಹೇಳಿ ಹೋಗಿದ್ದ. ಶಾಬಾಸ್!

ಈಗ ಅವನು ಆ ಪರೀಕ್ಷೆಯನ್ನು ಹುಡುಕಿ ತೆಗೆದು, ಯಾರೂ ನೋಡುತ್ತಿಲ್ಲವೆಂದು ಎರಡು ಸಲ ಖಚಿತ ಮಾಡಿಕೊಂಡು ಓಡಿಸಿದ. ಇಪ್ಪತ್ತು ನಿಮಿಷ. ಕೆಂಪು. ಅದು ನಿರೀಕ್ಷಿಸಿದ್ದೇ, ನಿರೀಕ್ಷಿಸದೆ ಇದ್ದದ್ದು ಅದರ ಕೆಳಗಿನ ಪಟ್ಟಿ, ಈ ಪರೀಕ್ಷೆ ಈ ಹಿಂದೆ ಯಾವಾಗ ಓಡಿತ್ತು, ಯಾರು ಓಡಿಸಿದ್ದರು ಎಂಬುದು. ಎರಡು ತಿಂಗಳ ಹಿಂದಿನ ಮೂರು ಸಾಲು. ಆಮೇಲೆ ಒಂದು ಸಾಲು, ಗಿರಾಕಿಯ ಮೇಲ್ ಬಂದ ಶನಿವಾರ ಕಳೆದು ಬಂದ ಸೋಮವಾರದ ಬೆಳಿಗ್ಗೆ ಒಂಬತ್ತೂವರೆಯದು. ಓಡಿಸಿದವಳ ಹೆಸರು ಸಾಯಲಿ. ಫಲಿತಾಂಶ ಕೆಂಪು. ಅವಳಿಗೆ ಗೊತ್ತಿದೆ. ಒಂಬತ್ತು ದಿನಗಳಿಂದ ಗೊತ್ತಿದೆ, ಮತ್ತು ಹಾಗೇ ಬರುತ್ತಾಳೆ, ಹೋಗುತ್ತಾಳೆ, ಗುಡ್ ಮಾರ್ನಿಂಗ್ ಸರ್ ಎನ್ನುತ್ತಾಳೆ. ಅವನಿಗೆ ಮೊದಲು ಬಂದದ್ದು ಸಿಟ್ಟು. ತಾನು ಬೀಳುವುದನ್ನು ನೋಡಲು ಕಾಯುತ್ತಿದ್ದಾಳೆ ಈ ಹುಡುಗಿ. ಮೀಟರುಗಳೆಲ್ಲ ಮನೆಮನೆಗೆ ಹೋಗಿ ಕೂತು, ಲಕ್ಷ ಅಡುಗೆಮನೆಗಳ ಒಲೆ ಒಮ್ಮೆಲೇ ಆರಿದ ದಿನ, ಸಾಸವಡದ ಬಸ್ಸಿನಲ್ಲಿ ಕೂತು ನಗುತ್ತಾಳೆ. ಸಿಟ್ಟಿನ ಬೆನ್ನಿಗೆ ಹೆದರಿಕೆ ಬಂತು. ಆಮೇಲೆ, ನಾಚಿಕೆಯಾಗಬೇಕಾದ ಒಂದು ಲೆಕ್ಕ ತಾನಾಗಿ ಮನಸ್ಸಿನಲ್ಲಿ ನಡೆಯಿತು: ಅವಳೂ ಸುಮ್ಮನಿದ್ದಾಳೆ ಅಂದರೆ ಇಬ್ಬರೂ ಸುಮ್ಮನಿರಬಹುದು. ತಪ್ಪು ಇಬ್ಬರ ನಡುವೆ ಹಂಚಿಹೋದರೆ ಯಾರದೂ ಆಗುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಇನ್ನೂ ಕಳ್ಳ ಎಂದೇ ಇಲ್ಲ, ಇವನು ಆಗಲೇ ಅಂಗಿ ಬಿಚ್ಚಿ ಜಾಡಿಸಿಕೊಳ್ಳುತ್ತಿದ್ದ.

ಊಟದ ಹೊತ್ತಿಗೆ ಪ್ಯಾಂಟ್ರಿಯಲ್ಲಿ ಅವಳು ಒಬ್ಬಳೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಭಾಕ್ರಿ, ಶೇಂಗಾ ಚಟ್ನಿ. ಅವನು ಎದುರಿಗೆ ಕೂತ. ಇವತ್ತು ಬಸ್ಸು ಸಿಕ್ಕಿತೇ ಎಂದು ಕೇಳಿದ, ಸಿಕ್ಕಿತು ಎಂದಳು. ದಿವೇಘಾಟಿನಲ್ಲಿ ಟ್ರಾಫಿಕ್ಕೇ ಎಂದು ಕೇಳಿದ, ಸ್ವಲ್ಪ ಎಂದಳು. ‘ತಗೊಳ್ರಿ ಸರ್’ ಎಂದು ಚಟ್ನಿಯ ಡಬ್ಬಿ ಅವನ ಕಡೆ ಸರಿಸಿದಳು. ಅವನು ಒಂದು ಚಿಟಿಕೆ ತೆಗೆದುಕೊಂಡು ಬಾಯಿಗೆ ಹಾಕಿದ, ಖಾರ ನೆತ್ತಿಗೇರಿ ಕೆಮ್ಮು ಬಂತು, ಅವಳು ನೀರು ಕೊಟ್ಟಳು. ಕೆಮ್ಮುವ ನೆಪದಲ್ಲಿ ಅವಳ ಮುಖ ನೋಡಿದ. ಬಲೆ ಬೀಸಿ ಕೂತವರ ಮುಖ ಅದಾಗಿರಲಿಲ್ಲ. ಅಲ್ಲಿ ಅವನ ಬಗ್ಗೆ ಏನೂ ಇರಲಿಲ್ಲ, ಅದೇ ಅವನಿಗೆ ಹೆಚ್ಚು ಅವಮಾನವೆನಿಸಿತು.

‘ಸಾಯಲಿ.’

‘ರೀ ಸರ್.’

‘ಆ ಟೆಸ್ಟ್ ನೀ ಮತ್ತ ಓಡಿಸೀದಿ. ಹೋದ ಸೋಮವಾರದ ಹಿಂದಿನ ಸೋಮವಾರ.’

ಅವಳು ಭಾಕ್ರಿ ಮುರಿಯುತ್ತಿದ್ದವಳು ನಿಲ್ಲಿಸಲಿಲ್ಲ. ‘ಹೌದ್ರಿ.’

‘ಬಿತ್ತು.’

‘ಹೌದ್ರಿ ಸರ್. ಬಿತ್ತು.’

‘ಮತ್ತ ಯಾಕ ಹೇಳಲಿಲ್ಲ ನೀ?’

ಆಗ ತಲೆಯೆತ್ತಿ ನೋಡಿದಳು. ನಿಜಕ್ಕೂ ಆಶ್ಚರ್ಯಪಟ್ಟವಳ ಹಾಗೆ ಹುಬ್ಬು ಮೇಲಕ್ಕೆ ಹೋಯಿತು. ‘ಹೇಳಿದ್ದೆನಲ್ರಿ ಸರ್?’ ಎಂದಳು. ಕೈಯಲ್ಲಿದ್ದ ತುಂಡು ಕೆಳಗಿಟ್ಟು, ‘ಒಮ್ಮೆ ಹೇಳಿದ್ದೆ,’ ಎಂದಳು. ಡಬ್ಬಿ ಮುಚ್ಚಿ, ಮೇಜಿನ ಮೇಲೆ ಬಿದ್ದ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡಿ, ಬುಟ್ಟಿಗೆ ಹಾಕಿ ಹೋದಳು.

ಮೂರು ಗಂಟೆಯ ತನಕ ಅವನು ಕೂತಲ್ಲೇ ಕೂತಿದ್ದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗಲಿಕ್ಕೂ ಇಲ್ಲ, ಉಗುಳಲಿಕ್ಕೂ ಇಲ್ಲ. ಇವತ್ತಿನ ಗಾಡಿ ತಪ್ಪಿದರೆ ಕಾರ್ಖಾನೆಯಲ್ಲಿ ಮುಂದಿನ ಪಾಳಿ ನಾಲ್ಕು ತಿಂಗಳ ನಂತರ. ನಾಲ್ಕು ತಿಂಗಳು ಎಲ್ಲರೂ ಅವನನ್ನು ಲಿಫ್ಟಿನಲ್ಲಿ ನೋಡಿ ಮಾತು ಬದಲಿಸುತ್ತಾರೆ. ಕಂಜೂಸ್ ಕಾಕಾ ಎಂಬ ಹೆಸರು ಇನ್ನು ಮೇಲೆ ಮುಂದಿನಿಂದಲೇ ಹೇಳಬಹುದಾದ ಹೆಸರಾಗುತ್ತದೆ. ನಲವತ್ತೇಳನೆಯ ವಯಸ್ಸಿನಲ್ಲಿ ಬೇರೆ ಕಡೆ ಕೆಲಸ ಹುಡುಕುವುದೆಂದರೆ, ಎದುರಿಗೆ ಕೂತ ಹುಡುಗನೊಬ್ಬ ಹ್ಯಾಶ್ ಎಂದರೇನು ಸರ್ ಎಂದು ಕೇಳುತ್ತಾನೆ, ಇವನು ಹೇಳಬೇಕು. ಚಿಕ್ಕಂದಿನಲ್ಲಿ ಬೆಳಗಾವಿಯ ಶಾಲೆಯಲ್ಲಿ ಒಮ್ಮೆ ಪಕ್ಕದವನು ಇವನ ಉತ್ತರ ನೋಡಿ ಬರೆದು ಇಬ್ಬರೂ ಸಿಕ್ಕಿಬಿದ್ದಾಗ, ಮಾಸ್ತರು ಯಾರು ಯಾರದನ್ನು ನೋಡಿದ್ದು ಎಂದು ಕೇಳಿದ್ದರು. ಇವನು ಬಾಯಿ ಬಿಡುವುದರೊಳಗೆ ಆ ಹುಡುಗ ಕೈ ಮುಂದೆ ಚಾಚಿದ್ದ. ನಿಜವಾಗಿಯೂ ಅವನೇ ನೋಡಿದ್ದು, ಅವನೇ ಕೈ ಚಾಚಿದ್ದು, ಅದರಲ್ಲಿ ತನ್ನ ತಪ್ಪೇನೂ ಇರಲಿಲ್ಲ. ಆದರೂ ಪೆಟ್ಟಿನ ಸದ್ದಿಗೆ ತನಗಾದ ಹಿಗ್ಗು ಅವನಿಗೆ ಇವತ್ತಿಗೂ ನೆನಪಿದೆ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

ಸಭೆಯ ಕೋಣೆಯಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ಕಾಯಿ, ಕುಂಕುಮದ ಪೊಟ್ಟಣ, ಪಕ್ಕದಲ್ಲಿ ಎರಡು ಕಿಲೊ ಪೇಢೆಯ ಡಬ್ಬ. ಸ್ವಪ್ನಿಲ್ ಒಂದೊಂದೇ ಭಾಗದ ಹೆಸರು ಕೂಗುತ್ತಿದ್ದ, ಆಯಾ ಭಾಗದವರು ‘ಓಕೆ’ ಎನ್ನುತ್ತಿದ್ದರು. ಮೆಮರಿ, ಓಕೆ. ರೇಡಿಯೊ, ಓಕೆ. ಹ್ಯಾಶ್. ಅವಧೂತ ನಿಂತುಕೊಂಡ. ನಿಲ್ಲುವ ಅಗತ್ಯವಿರಲಿಲ್ಲ, ಯಾರೂ ನಿಂತಿರಲಿಲ್ಲ. ‘ಓಕೆ ನಾಹಿ,’ ಎಂದ.

ಆಮೇಲೆ ಎಲ್ಲ ಸಲೀಸಾಯಿತು, ಅವನಿಗೇ ಆಶ್ಚರ್ಯವಾಗುವಷ್ಟು. ಎದ್ದು ಹೋಗಿ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದ: ಇಲ್ಲಿ ಪದ ಬರುತ್ತದೆ, ಇಲ್ಲಿ ತೊಳೆಯುತ್ತದೆ, ಪದ ಬರದಿದ್ದರೆ ಇಲ್ಲಿ ಹಳೆಯದು ಉಳಿಯುತ್ತದೆ. ಗಿರಾಕಿಯ ಮೇಲ್‌ನಲ್ಲಿದ್ದ ಸಾಲನ್ನು ಓದಿದ. ತಾನು ಅದನ್ನು ಹನ್ನೊಂದು ದಿನದ ಹಿಂದೆಯೇ ಓದಿದ್ದೆ, ಸುಮ್ಮನಿದ್ದೆ ಎಂದೂ ಹೇಳಿದ. ಯಾರೋ ‘ಬಾಪ್‌ರೇ’ ಎಂದರು. ಸ್ವಪ್ನಿಲ್ ಹಲಗೆಯನ್ನು ನೋಡಿದ, ಪೇಢೆಯ ಡಬ್ಬದ ಮುಚ್ಚಳವನ್ನು ಒತ್ತಿ ಮುಚ್ಚಿದ, ‘ಚಾರ್ ಮಹಿನೇ’ ಎಂದು ತನಗೇ ಹೇಳಿಕೊಂಡ. ಬೈಯಲಿಲ್ಲ. ತಪ್ಪು ಯಾರಿಂದಲೂ ಆಗುತ್ತದೆ, ಸಿಕ್ಕಿದ್ದೇ ಪುಣ್ಯ ಎಂದ. ಹೇಳುತ್ತ ಹೇಳುತ್ತ ತನಗೆ ತುಸು ಸೊಗಸೆನಿಸುತ್ತಿದೆ ಎಂದು ಅವಧೂತನಿಗೆ ಗೊತ್ತಾಗುತ್ತಿತ್ತು. ಇಷ್ಟು ಜಾಣ ತಪ್ಪು ಮಾಡಲು ಜಾಣನೇ ಬೇಕು.

ಆದರೆ ಪರೀಕ್ಷೆಯಲ್ಲಿ ಇದು ಹೇಗೆ ತಪ್ಪಿಸಿಕೊಂಡಿತು ಎಂದು ಯಾರೋ ಕೇಳಿದರು. ಸ್ವಪ್ನಿಲ್ ವೇವರ್ ಫಾರಂ ತೆರೆದ. ದೊಡ್ಡ ಪರದೆಯ ಮೇಲೆ ಎರಡು ಹೆಸರು ಒಂದರ ಕೆಳಗೊಂದು ಕಂಡವು. ಸ್ವಪ್ನಿಲ್ ಸಾಯಲಿಯ ಕಡೆ ತಿರುಗಿ ಮರಾಠಿಯಲ್ಲಿ, ಏರಿಸದ ದನಿಯಲ್ಲಿ, ‘ನೀನೂ ಒಪ್ಪಿದ್ದೀಯಲ್ಲ? ಕೆಂಪು ನೋಡಿದ ಮೇಲೂ?’ ಎಂದ. ಎಂಟು ಜೋಡಿ ಕಣ್ಣು ಅವನಿಂದ ಕಿತ್ತುಕೊಂಡು ಅವಳ ಮೇಲೆ ಹೋದವು. ಆ ಕ್ಷಣ ಅವನ ಎದೆ ಹಗುರಾಯಿತು. ಹಗುರಾಯಿತೆಂದು ಗೊತ್ತಾದದ್ದೇ ಅವನಿಗೆ ಅಸಹ್ಯವಾಯಿತು. ಸಾಯಲಿ ಪರದೆ ನೋಡುತ್ತ, ‘ಹೋ. ನನಗೆ ಸರಿ ಅನ್ನಿಸಿತ್ತು, ಒಪ್ಪಿದೆ,’ ಎಂದಳು. ಸುಳ್ಳು. ಒಂದು ಚೂರೂ ನಡುಗದೆ ಹೇಳಿದ ಸುಳ್ಳು. ಅವನು ತಡೆಯಲಾರದೆ ಹೋದ.

‘ಇಲ್ಲ,’ ಎಂದ. ‘ಅವಳಿಗೆ ಸರಿ ಅನ್ನಿಸಿರಲಿಲ್ಲ. ಮೂರು ದಿನ ಒತ್ತದೆ ಕೂತಿದ್ದಳು. ನಾನು ಹೋಗಿ ಅವಳ ಕುರ್ಚಿಯ ಹಿಂದೆ ನಿಂತೆ. ಒತ್ತುವ ತನಕ ನಿಂತೆ. ಹೆದರಿ ಒತ್ತಿದಳು ಪಾಪ. ಅವಳ ಕೈ ನಡುಗುತ್ತಿತ್ತು. ಈ ಮಾತನ್ನೂ ಬರೆದುಕೊಳ್ಳಿ.’ ಮರಾಠಿಯಲ್ಲಿ ಹೇಳಿದ, ಎಲ್ಲರಿಗೂ ತಿಳಿಯಲೆಂದು. ಕಣ್ಣಲ್ಲಿ ನೀರು ಬಂದಿತ್ತು. ಸ್ವಪ್ನಿಲ್ ಕೀಲಿಮಣೆಯ ಮೇಲಿನ ಕೈ ಹಿಂದೆ ತೆಗೆದುಕೊಂಡು, ‘ಸರ್, ಅದೆಲ್ಲ ಬರೆಯುವುದು ಬೇಡ,’ ಎಂದ. ಬರೆಯಲೇಬೇಕು ಎಂದು ಇವನು ಹಟ ಹಿಡಿದ. ರೇಡಿಯೊ ಭಾಗದವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಸಭೆ ಮುಗಿದು ಎಲ್ಲರೂ ಹೊರಡುವಾಗ ಒಬ್ಬರು ಅವನ ಭುಜ ಒತ್ತಿ, ಇಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ ಎಂದು ಹೇಳಿ ಹೋದರು. ಕಾಯಿ ತಟ್ಟೆಯಲ್ಲಿ ಹಾಗೇ ಇತ್ತು. ಅವಧೂತನಿಗೆ ಹಸಿವಾಯಿತು, ಬೆಳಗಿನಿಂದ ಮೊದಲ ಸಲ.

ಕಾರಿಡಾರಿನಲ್ಲಿ ಸಾಯಲಿ ನೀರಿನ ಬಾಟಲಿ ತುಂಬಿಕೊಳ್ಳುತ್ತಿದ್ದಳು. ಅವನು ಪಕ್ಕದಲ್ಲಿ ಹೋಗಿ ನಿಂತ. ಅವಳು ಏನಾದರೂ ಹೇಳುತ್ತಾಳೆಂದು ಕಾದ. ಥ್ಯಾಂಕ್ಸ್ ಎಂದರೆ ಬೇಡವೆಂದು ಕೈ ಮಾಡಬೇಕೆಂದು ಅವನು ಮೊದಲೇ ತೀರ್ಮಾನಿಸಿದ್ದ. ಬಾಟಲಿ ತುಂಬಿತು. ಅವಳು ಮುಚ್ಚಳ ತಿರುಗಿಸಿದಳು.

‘ನಿಮ್ಮ ತಪ್ಪು ನೀವು ಹೇಳಿದ್ರಿ, ಭಾಳ ಚಲೋ ಆತ್ರಿ ಸರ್,’ ಎಂದಳು. ‘ನಾ ಮತ್ತೊಮ್ಮೆ ಹೇಳಬೇಕಾಗಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಆದ್ರ ನಾ ಅಂಜಿದ್ದು, ನನ್ನ ಕೈ ನಡುಗಿದ್ದು, ಅದನ್ಯಾಕ ಹೇಳಿದ್ರಿ?’

‘ನಿನ್ನ ಮ್ಯಾಲೆ ಬರಬಾರದಂತ…’

‘ನಾ ತಪ್ಪು ಒಪ್ಪಿಕೊಂಡಿದ್ದೆನಲ್ರಿ. ತಪ್ಪು ಮಾಡಿದಾಕಿ ಅಂತ ಇಲ್ಲೆ ಇರಬಹುದಿತ್ತು ನಾನು. ನಾಳಿಯಿಂದ ಎಲ್ಲಾರೂ ನನ್ನ ಕೆಂಪು ಸಾಲು ನೋಡೂದಿಲ್ಲ, ನನ್ನ ಕೈ ನೋಡ್ತಾರ.’ ಅವಳ ದನಿ ಏರಲಿಲ್ಲ. ‘ನಿಮ್ಮ ಎದಿ ಹಗರಾತು, ಆಗ್ಲಿ. ಆ ಅಂಜಿಕಿ ನಂದಿತ್ತು ಸರ್. ನನ್ನ ಕೇಳಬೇಕಿತ್ತು ನೀವು.’

ಅವಳು ನಿಂತಿದ್ದಳು, ಕೂಡಲೇ ಹೋಗಲಿಲ್ಲ. ಉತ್ತರವಿದ್ದರೆ ಕೇಳಿಕೊಂಡೇ ಹೋಗುವವಳಂತೆ ಬಾಟಲಿಯನ್ನು ಎದೆಗೆ ಹಿಡಿದು ಕಾದಳು. ತಪ್ಪಾಯಿತು, ಕ್ಷಮಿಸು ಎಂಬ ಮಾತು ಅವಧೂತನ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಅದನ್ನು ಹೇಳಲು ಬಾಯಿ ತೆರೆಯುವ ಮುಂಚೆ ಅವನ ಕಣ್ಣು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಒಮ್ಮೆ ಹೋಗಿ ಬಂತು. ಯಾರೂ ಇರಲಿಲ್ಲ. ಕೇಳಲು ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು, ಮತ್ತು ಹಾಗನ್ನಿಸಿದ್ದನ್ನು ಸಾಯಲಿ ನೋಡಿದಳು.